ಗುಡ್ಡಪ್ಪ ಕೊಂಡ ಜೀಪು

ಮದಗದ ಕೆರೆಯ ತೂಬಿನ ಭೋರ್ಗರೆತವನ್ನೂ ಮೀರಿ ಜೀಪೊಂದರ ಗುಡುಗು ಮಾಸೂರಿನ ಓಣಿಗೆ ಕೇಳಿಸಿತು. ಹುಬ್ಬಳ್ಳಿಯಲ್ಲಿ ಲಾರಿ ಓಡಿಸಿ ಉಳಿಸಿದ ದುಡ್ಡಿನಲ್ಲಿ ಗುಡ್ಡಪ್ಪ ೧೯೭೮ರ ಸರ್ಕಾರಿ ಹರಾಜಿನಲ್ಲಿ ಕೊಂಡ ಜೀಪು ಅದು. ಮೈಲಿ ತೋರಿಸುವ ಮುಳ್ಳು ಎಂದೋ ನಿಂತುಹೋಗಿತ್ತು. ಆದರೂ ಎಂಥ ಕೆಸರಿನಲ್ಲೂ ನಾಲ್ಕೂ ಗಾಲಿ ಎಳೆಯುತ್ತಿದ್ದವು. ಇನ್ನು ಊರಲ್ಲೇ ಇದ್ದು, ಮಂದಿಯನ್ನು ಹಿರೇಕೆರೂರಿನ ಸಂತೆಗೆ ಒಯ್ದು ಬದುಕಬೇಕೆಂಬುದು ಅವನ ಆಸೆ.

ಜೀಪು ಕಂಡದ್ದೇ ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಎದ್ದು ಕಬ್ಬಿನ ಹೊಲಕ್ಕೆ ಓಡಿದರು. ಎಲ್ಲರಿಗಿಂತ ಮುಂದೆ ಅವನ ತಮ್ಮ ಗುತ್ತೆಪ್ಪ, ಇನ್ನೂ ಮದುವೆಯಾಗದವನು.

"ಏ ಗುತ್ಯಾ, ಹುಲಿ ಬಂತೇನಲೇ?" ಗುಡ್ಡಪ್ಪ ನಕ್ಕ.

ಹೆಂಡತಿ ಉಡಚವ್ವ ನಗಲಿಲ್ಲ. "ಆಪರೇಶನ್ ಜೀಪು ತಂದೀರಲ್ಲರೀ! ಎರಡು ವರ್ಷದ ಹಿಂದ ಎಮರ್ಜೆನ್ಸಿಯಾಗ ಇಂಥಾದ್ರಾಗ ಗಂಡಸರನ್ನ ಹಿಡಕೊಂಡು ಹೋಗಿ, ಮಕ್ಕಳಾಗದಂಗ ಮಾಡಿ ಕಳಿಸಿದ್ರು. ನಿಮ್ಮ ತಮ್ಮನ್ನೂ ಬಿಡಲಿಲ್ಲ. ನಿಮಗ ಹೇಳಬ್ಯಾಡಂತ ನನಗ ಆಣಿ ಹಾಕಿದ್ದ."

ತೋರಿಸಿದ ಹೆಣ್ಣುಗಳನ್ನೆಲ್ಲ ತಮ್ಮ ಯಾಕೆ ಒಲ್ಲೆನೆನ್ನುತ್ತಿದ್ದ ಎಂದು ಗುಡ್ಡಪ್ಪನಿಗೆ ಆಗ ಹೊಳೆಯಿತು. ಇಂಜಿನ್ ನಿಲ್ಲಿಸುವುದನ್ನೂ ಮರೆತು ಕೆಳಗಿಳಿದ.

"ಇದನ್ನ ಇನ್ನ ಯಾರು ಹತ್ತತಾರ್ರೀ?" ಎಂದಳು ಉಡಚವ್ವ.

"ಹತ್ತೂದು ಹಾಳಾಗ್ಲಿ. ಮೊದಲ ಆ ಹುಡುಗನ ಮುಂದ ನಾ ಹೆಂಗ..." ಎನ್ನುತ್ತಲೇ ಅವನು ಕಬ್ಬಿನ ಕಡೆ ನಡೆದುಬಿಟ್ಟ.