ಚಹಾದಲ್ಲಿ ಕರಗಿಸಿದ ಮಾತ್ರೆ

ತಮ್ಮ ವೀರೇಶನಿಗೆ ಮೊದಲ ಸಲ ಫಿಟ್ಸ್ ಬಂದದ್ದು ಅವನು ಕುಡಿತ ಬಿಟ್ಟ ಮೂರನೆಯ ದಿನ. ಬೆಳಿಗ್ಗೆ ಆದೋನಿ ಹತ್ತಿರದ ನಮ್ಮ ಆಲೂರಿನ ಮನೆಯಲ್ಲಿ ಮಂಡಕ್ಕಿ ಉಗ್ಗಾಣಿ ತಿನ್ನುತ್ತ ಕುಳಿತಿದ್ದ. ತಟ್ಟೆ ಬಿದ್ದ ಸದ್ದಿಗೆ ಓಡಿ ಬಂದೆ. ಕಣ್ಣು ಮೇಲಾಗಿತ್ತು. ಕೈಕಾಲು ಸೆಟೆದಿದ್ದವು. ಬಾಯಲ್ಲಿ ರಕ್ತ.

ಯಾಕೆ ಹೀಗಾಯಿತು ಎಂದು ಎಲ್ಲರೂ ಕೇಳಿದರು. ನನಗೆ ಅನುಮಾನವಿತ್ತು. ಹೇಳಲಿಲ್ಲ.

ಅವನು ಆದೋನಿಯ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಬೇಲ್ ಹೊರುತ್ತಿದ್ದ. ಅಪ್ಪ ಅವ್ವ ತೀರಿದ ಮೇಲೆ ನಮ್ಮಲ್ಲೇ ಇದ್ದ. ಕುಡಿದು ಬಂದರೆ ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ. ಇನ್ನೊಂದು ಸಲ ಕೂಗಿದರೆ ಹೊರಗೆ ಹಾಕುತ್ತೇನೆ ಎಂದರು ನನ್ನ ಗಂಡ. ಆಗ ನಮ್ಮ ಅತ್ತೆಯ ನಿದ್ದೆ ಮಾತ್ರೆಯನ್ನು ಚಹಾದಲ್ಲಿ ಕರಗಿಸಿ ಅವನಿಗೆ ಕುಡಿಸಿದೆ. ಕೂಸಿನಂತೆ ಮಲಗಿದ. ಮರುದಿನವೂ ಕುಡಿಸಿದೆ. ಒಂದು ಮಾತ್ರೆ ಎರಡಾಯಿತು. ಎಂಟು ತಿಂಗಳು ಹಾಗೇ ನಡೆಯಿತು. ನಾನು ಓದಿದ್ದು ಐದನೆಯ ತರಗತಿ. ಆದರೂ ಅದು ತಪ್ಪೆಂದು ನನಗೆ ಗೊತ್ತಿತ್ತು, ಗೊತ್ತಿಲ್ಲದಿದ್ದರೆ ಚಹಾ ಕಲಕುವಾಗ ಬಾಗಿಲಿಗೆ ಬೆನ್ನು ಹಾಕಿ ಏಕೆ ನಿಲ್ಲುತ್ತಿದ್ದೆ?

ಅವನು ತಾನಾಗಿ ಕುಡಿತ ಬಿಟ್ಟಾಗ, ಇನ್ನು ಬೇಡವೆಂದು ಅಂದೇ ನಾನೂ ಮಾತ್ರೆ ನಿಲ್ಲಿಸಿದೆ.

ಆದೋನಿಯ ಆಸ್ಪತ್ರೆಯಲ್ಲಿ ಡಾಕ್ಟರು ತೆಲುಗಿನಲ್ಲಿ ಕೇಳಿದರು, ಕುಡಿತದ ಜೊತೆ ಮಾತ್ರೆ ಏನಾದರೂ ಇತ್ತೇ ಎಂದು. ಗಂಡ ಪಕ್ಕದಲ್ಲೇ ನಿಂತಿದ್ದರು. ಏನೂ ಇಲ್ಲ ಸಾರ್ ಎಂದೆ.

ಮಧ್ಯಾಹ್ನ ಮತ್ತೆ ಫಿಟ್ಸ್ ಬಂತು. ಈ ಸಲ ನಿಲ್ಲಲಿಲ್ಲ.

ಐಸಿಯು ಬಾಗಿಲಲ್ಲಿ ನರ್ಸಮ್ಮನ ಕೈ ಹಿಡಿದು ಎಲ್ಲ ಹೇಳಿದೆ. ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದಂತೆ, ನಿಲ್ಲಿಸಿದರೆ ಫಿಟ್ಸ್ ಬರುತ್ತದಂತೆ. ಚಿಕಿತ್ಸೆ ಬದಲಾಯಿತು. ವೀರೇಶ ಉಳಿದ. ಅವನಿಗೆ ನೀವೇ ಹೇಳಿ ಎಂದು ಡಾಕ್ಟರು ನನಗೆ ಬಿಟ್ಟರು. ನನ್ನಿಂದಾಗಲಿಲ್ಲ.

ಡಿ-ಅಡಿಕ್ಷನ್ ವಾರ್ಡಿನಿಂದ ಅವನು ಪತ್ತಿಕೊಂಡ ಊರಿಗೆ ಹೋಗುವ ರಸ್ತೆಯ ಒಂದು ರೊಟ್ಟಿ ಕೇಂದ್ರಕ್ಕೆ ಸೇರಿದ. ಚಟ ಬಿಡುತ್ತಿರುವ ಹುಡುಗರೇ ಅಲ್ಲಿ ಜೋಳದ ರೊಟ್ಟಿ ಬಡಿದು ಅಂಗಡಿಗಳಿಗೆ ಕಳಿಸುತ್ತಾರೆ. ಹೋದ ವಾರ ನೋಡಲು ಹೋದೆ. ಬಾಗಿಲಲ್ಲಿ ಮೇಲ್ವಿಚಾರಕಿ ಸುಶೀಲಮ್ಮ, ತಂಬಾಕು, ಮಾತ್ರೆ ಏನಾದರೂ ಇದ್ದರೆ ಇಲ್ಲೇ ಕೊಡಿ ಎಂದರು. ಇಲ್ಲ ಎಂದೆ. ಎಲೆ ಅಡಿಕೆಯ ಚಂಚಿಯಲ್ಲಿ ಅತ್ತೆಯ ಮಾತ್ರೆಯ ಹಾಳೆ ಇತ್ತು. ಅಲ್ಲಿ ಮತ್ತೆ ಫಿಟ್ಸ್ ಬಂದರೆ ಕೊಡಬೇಕಾದೀತೆಂಬ ಭಯಕ್ಕೆ ತಂದಿದ್ದೆ.

ಮನೆಯವರು ಬಂದರೆ ಮಾತಿಗೆ ಮೊದಲು ಒಂದು ರೊಟ್ಟಿ ಬಡಿಯಬೇಕು. ಅದು ಅಲ್ಲಿಯ ಪದ್ಧತಿ. ವೀರೇಶ ಪಕ್ಕದಲ್ಲಿ ಕುಳಿತು ಬಡಿದ. ದುಂಡಗೆ, ತೆಳ್ಳಗೆ ಬಂತು. ಇಪ್ಪತ್ತು ವರ್ಷ ರೊಟ್ಟಿ ಬಡಿದ ನನ್ನದು ಹರಿಯಿತು. ಮತ್ತೆ ಬಡಿದೆ. ಮತ್ತೆ ಹರಿಯಿತು.

ಎದುರಿಗಿದ್ದವನೊಬ್ಬ ನಕ್ಕ. "ಏನಕ್ಕಾ, ನೀನೂ ಇವತ್ತ ಸೇರಿಯೇನು? ಪರವಾಲೇದು, ನನ್ನ ಕೈ ನಡುಗೋದು ನಿಲ್ಲಾಕ ಹದಿನೈದು ದಿನ ಹಿಡೀತು."

ಎಲ್ಲರೂ ನಕ್ಕರು. ವೀರೇಶ ನಗಲಿಲ್ಲ. "ಅಕ್ಕಾ, ಯಾಕ ನಡುಗಾಕತ್ತಿ?"

ಅವನನ್ನು ಒಲೆಯ ಹಿಂದೆ ಕರೆದು ಹೇಳಿದೆ. ಚಹಾ, ಮಾತ್ರೆ, ಡಾಕ್ಟರಿಗೆ ಹೇಳಿದ ಸುಳ್ಳು, ಎಲ್ಲ. ಚಂಚಿ ಬಿಚ್ಚಿ ಹಾಳೆ ತೆಗೆದೆ. ಅವನ ಕಣ್ಣು ಅದರ ಮೇಲೇ ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು ಹಿಟ್ಟಿನ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನನ್ನ ಕೈಯಾಗ ಕೊಡಬ್ಯಾಡ. ಸುಶೀಲಮ್ಮಾರಿಗೆ ಕೊಡು. ಲಗೂನ ಕೊಡು."

ಹೇಳಿ ಗೋಡೆಯ ಕಡೆ ತಿರುಗಿ ನಿಂತ. ನಾನು ಕೊಟ್ಟು ಬರುವವರೆಗೂ ತಿರುಗಲಿಲ್ಲ. ಆಮೇಲೆ ಕೈಯ ಹಿಟ್ಟು ಉಜ್ಜುತ್ತ ಹೇಳಿದ.

"ಅಕ್ಕನ ಮನಿ ಅಂತ ಅಷ್ಟು ನಿದ್ದಿ ಬರತೈತಿ ಅನಕೊಂಡಿದ್ದೆ."

ಬಸ್ಸಿಗೆ ಹೊರಟಾಗ, ಸದ್ಯಕ್ಕೆ ನಿಮ್ಮ ಮನೆಗೆ ಬರುವುದಿಲ್ಲ, ಅಲ್ಲಿ ಹೆದರಿಕೆಯಾಗುತ್ತದೆ ಎಂದ. ಆಮೇಲೆ, "ಸೋಮವಾರ ಬಾ. ಚಾ ತರಬ್ಯಾಡ" ಎಂದ. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಈಗಲೂ ಫೋನ್ ಬಂದರೆ ಅವನಿಗೆ ಮತ್ತೆ ಫಿಟ್ಸ್ ಬಂತೇನೋ ಎಂದು ಹೆದರುತ್ತೇನೆ. ಆದರೂ ಅವನು ಬಾ ಎಂದಿದ್ದಾನೆ. ಶೇಂಗಾ ಚಟ್ನಿ ಕುಟ್ಟಿಟ್ಟಿದ್ದೇನೆ. ಸೋಮವಾರ ಅವನ ರೊಟ್ಟಿಗೆ ಅದನ್ನು ಹಚ್ಚಿ, ಅವನ ಎದುರಿಗೇ ಮೊದಲ ತುತ್ತು ನಾನು ತಿನ್ನುತ್ತೇನೆ.