ಐದು ‘ಒಂದನೇದು’

ಹಾರೋಹಳ್ಳಿಯ ಕಾರ್ಖಾನೆಯೊಂದು ಬೇಡವೆಂದು ಮೂಲೆಗೆ ತಳ್ಳಿದ್ದ ಕಂಪ್ಯೂಟರ್ ಲೇತನ್ನು, ಮೂರು ಸಲ ಎದ್ದು ಹೊರಟವನಂತೆ ನಟಿಸಿ, ಚೌಕಾಸಿ ಮಾಡಿ ಚನ್ನಪಟ್ಟಣದ ನನ್ನ ಬೊಂಬೆ ಕಾರ್ಖಾನೆಗೆ ತಂದವನು ನಾನು. ಮರದ ಹೊರೆ ಹೊತ್ತು ಮೇಲೆ ಬಂದವನಿಗೆ ಯಂತ್ರವನ್ನೂ ಬಗ್ಗಿಸಬಲ್ಲೆ ಅನ್ನುವ ಧಿಮಾಕು ಒಸಿ ಇದ್ದೇ ಇರುತ್ತೆ.

ಅವತ್ತು ಮಧ್ಯಾಹ್ನ ಒಬ್ಬ ವ್ಯಾಪಾರಿ ಮಗುವಿನ ಗಿಲಕಿ ನೋಡಲು ಬರುವವನಿದ್ದ. ಹಿಡಿ ದಪ್ಪವಾಯಿತು, ಮಗುವಿನ ಮುಷ್ಟಿಗೆ ಸಿಗಲ್ಲ ಎಂದು ಒಂದು ಸಲ ವಾಪಸು ಕೊಟ್ಟಿದ್ದ. ಮತ್ತೆ ಹಾಗೇ ಆದರೆ ಬೇರೆಯವರನ್ನು ನೋಡ್ಕೋತೀನಿ ಅಂದಿದ್ದ. ಹಿಡಿಯ ಅಳತೆ ಇರುವುದು ಕಂಪ್ಯೂಟರಿನ ಒಂದು ಫೈಲಿನಲ್ಲಿ. ಅದನ್ನು ತೆರೆದು ಅಂಕಿ ತಿದ್ದಿ ಸೇವ್ ಮಾಡಿದರೆ ಲೇತು ಅದರಂತೆ ಕಡೆಯುತ್ತೆ. ನಾನು ಅಂಕಿ ಇಳಿಸಿದೆ. ಹಿಡಿ ದಪ್ಪವೇ ಬಂತು. ಇನ್ನೂ ಇಳಿಸಿದೆ, ಅದೇ ದಪ್ಪ. ಮೂರನೆಯದೂ ಹಾಗೇ ಬಂದಾಗ ಲೇತಿಗೆ ಬೈಯತೊಡಗಿದೆ.

ಪಕ್ಕದಲ್ಲಿ ಬೊಂಬೆಗಳಿಗೆ ಅರಗಿನ ಬಣ್ಣ ಹಿಡಿಯುತ್ತಿದ್ದ ಹಿರಿಯ ಹೆಂಗಸು, ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವವರು, ಕೈ ಒರೆಸಿಕೊಂಡು ಎದ್ದು ಬಂದರು. ಅಂಕಿ ಮುಟ್ಟಲೇ ಇಲ್ಲ. ಯಾವ ಫೈಲನ್ನು ಕೊನೆಗೆ ತಿದ್ದಿದ್ದು ಯಾವಾಗ ಎಂದಷ್ಟೇ ನೋಡಿದರು.

“ಸಾವ್ಕಾರ್ರೇ, ಗಿಲಕಿ ಫೈಲು ಹೋದ ವಾರದಿಂದ ಹಂಗೇ ಐತೆ. ಲೇತು ಕಡೀತಿರೋದು ಅದನ್ನೇ, ನೀವು ಬೆಳಗ್ಗೆಯಿಂದ ಬುಗುರಿದು ತಿದ್ದುತಾ ಇದೀರ.”

“ಕಣ್ಣ ಮುಂದೇನೇ ‘ಒಂದನೇದು’ ಅಂತ ಐತಲ್ಲ ಆಪಾ!”

“ಐತೆ. ಇಲ್ಲಿ ತೆರೆದಿರೋ ಐದೂ ‘ಒಂದನೇದೇ’!”

ನಮ್ಮಲ್ಲಿ ಯಾವ ಬೊಂಬೆಯೇ ಆಗಲಿ, ಸರಿಯಾಗಿ ಬಂದ ಮೊದಲನೆಯದನ್ನು ಮಾರುವುದಿಲ್ಲ. ‘ಒಂದನೇದು’ ಎಂದು ಲೇತಿನ ಮೇಲಿನ ಮೊಳೆಗೆ ತೂಗುಹಾಕಿ ಅಳತೆಗೆ ಇಟ್ಟುಕೊಳ್ತೀವಿ. ಅದೇ ಅಭ್ಯಾಸಬಲದಿಂದ ಪ್ರತಿ ಬೊಂಬೆಯ ಫೋಲ್ಡರಿನಲ್ಲೂ ಫೈಲಿಗೆ ಅದೇ ಹೆಸರಿಟ್ಟಿದ್ದೆ. ಹಿಂದಿನ ದಿನ ಮುಚ್ಚದೆ ಬಿಟ್ಟವನ್ನೆಲ್ಲ ಕಂಪ್ಯೂಟರ್ ತಾನೇ ಮತ್ತೆ ತೆರೆದಿತ್ತು, ಬುಗುರಿಯದನ್ನು ಎಲ್ಲಕ್ಕಿಂತ ಮುಂದೆ.

ಆಪಾ ಎಲ್ಲವನ್ನೂ ಮುಚ್ಚಿ, ಗಿಲಕಿಯ ಫೋಲ್ಡರಿನಿಂದಲೇ ಫೈಲು ತೆರೆದು ತಿದ್ದಿದರು. ಹಿಡಿ ಕಿರುಬೆರಳಿನಷ್ಟು ಸಣ್ಣಗೆ ಬಂತು. ನಾನು ಅದನ್ನು ಕಸಿದುಕೊಂಡು ವ್ಯಾಪಾರಿಯನ್ನು ಕಾಯಲು ಬಾಗಿಲಿಗೆ ಹೊರಟೆ.

“ನಿಲ್ಲಿ. ಬುಗುರಿದು ಕೆಡಿಸಿಟ್ಟಿದೀರಲ್ಲ, ಅದರ ಹಳೇ ಅಂಕಿ ಎಷ್ಟು?”

ನನಗೆ ನೆನಪಿರಲಿಲ್ಲ. “ನಾಳೆ ನೋಡನ ಬುಡಿ ಆಪಾ.”

“ನಾಳೆಗೆ ನೀವು ಕೆಡಿಸಿದ್ದೇ ಮರೆತಿರ್ತೀರ.”

ಮೊಳೆಯಿಂದ ಬುಗುರಿ ಇಳಿಸಿ, ಕ್ಯಾಲಿಪರ್ ಹಿಡಿದು ಅಳೆದು, ಅಂಕಿಯನ್ನು ಮೊದಲಿನಂತೆ ಮಾಡಿದರು. ಆಮೇಲೆ ಐದು ಫೈಲಿಗೂ ಅವುಗಳ ಬೊಂಬೆಯ ಹೆಸರನ್ನೇ ಇಟ್ಟರು. ಕಣ್ಣೆದುರಿನ ರಿಪೇರಿ ಮಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ರಿಪೇರಿಯ ಭರದಲ್ಲಿ ಇನ್ನೇನು ಕೆಟ್ಟಿತು ಎಂದು ಹಿಂದಿರುಗಿ ನೋಡುವವರು ಸಿಕ್ಕರೆ ಕೈಬಿಡಬೇಡಿ. ನೀವೂ ಅಷ್ಟೇ, ಒಂದಕ್ಷರ ತಿದ್ದುವ ಮುಂಚೆ ಫೈಲು ಯಾವ ಫೋಲ್ಡರಿನದು ಅಂತ ನೋಡಿ.

ವ್ಯಾಪಾರಿ ಬಂದ. ಗಿಲಕಿಯನ್ನು ಎರಡೇ ಬೆರಳಲ್ಲಿ ಹಿಡಿದು ಆಡಿಸಿ, ನಕ್ಕು, ಬೆಲೆ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಆಪಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮೊಳೆಗೆ ತೂಗುಹಾಕಿದರು.

“ಇದು ಮಾರೋಕಲ್ಲ. ಇದರಂಗಿರೋದು ಎಷ್ಟು ಬೇಕು ಹೇಳಿ, ಆಮೇಲೆ ಬೆಲೆ.”

ಚೌಕಾಸಿಯನ್ನೂ ನನಗಿಂತ ಚೆನ್ನಾಗಿ ಶುರು ಮಾಡಿದ್ದರು.