ಸಂದಿಲ್ಲದ ಕಲ್ಲು

ಮಕ್ಕಳಾದ ನಾವು ನಮ್ಮ ದೊಡ್ಡಮ್ಮನಿಗೆ ಇಟ್ಟ ಹೆಸರು ಹೈಕೋರ್ಟು. ಅದಕ್ಕಿಂತ ಮೇಲೆ ಇನ್ನೊಂದು ಕೋರ್ಟಿದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದಾಗ ನಾನು ನಂಬಿರಲಿಲ್ಲ. ನಮ್ಮದು ಅಣ್ಣತಮ್ಮಂದಿರಿಬ್ಬರು ಕೂಡಿ ಬಾಳುವ ಮನೆ. ದೊಡ್ಡಪ್ಪ ಅಣ್ಣ, ಅಪ್ಪ ತಮ್ಮ, ಇಬ್ಬರಿಗೂ ಒಂದೇ ಒಲೆ. ಆ ಒಲೆ ದೊಡ್ಡಮ್ಮನದು. ಅಮ್ಮ ಅದರ ಪಕ್ಕದಲ್ಲಿ ನಿಂತು ಇಪ್ಪತ್ತು ಚಿಲ್ಲರೆ ವರ್ಷ ತರಕಾರಿ ಹೆಚ್ಚಿದಳು, ಪಾತ್ರೆ ತೊಳೆದಳು, ಬೈಸಿಕೊಂಡಳು.

ಬೈಗುಳ ದೊಡ್ಡದಲ್ಲ, ಅದರಿಂದ ಯಾರೂ ಸಾಯುವುದಿಲ್ಲ. ಅಮ್ಮ ಈ ಮನೆಗೆ ಬಂದ ಹೊಸದರಲ್ಲಿ, ನೆಂಟರು ಬಂದ ಒಂದು ದಿನ, ಆಸೆಪಟ್ಟು ತಾನೇ ಅಡುಗೆ ಮಾಡಿದಳಂತೆ. ದೊಡ್ಡಮ್ಮ ಒಂದು ಚಮಚ ಬಾಯಿಗಿಟ್ಟು ನೋಡಿ, ಏನೂ ಹೇಳದೆ, ಪಾತ್ರೆಯನ್ನು ಹಾಗೇ ಸಿಂಕಿಗೆ ಬಗ್ಗಿಸಿ, ತೊಳೆದು ಒರೆಸಿ, ಮತ್ತೆ ಒಲೆಗೇರಿಸಿದರಂತೆ. ನಾನು ಹೊಟ್ಟೆಯಲ್ಲಿದ್ದಾಗ ಮಧ್ಯಾಹ್ನ ಹಸಿವು ತಡೆಯಲಾರದೆ ಅಮ್ಮ ಮೆಲ್ಲಗೆ ಬಿಸ್ಕತ್ತಿನ ಡಬ್ಬಿ ತೆಗೆದರೆ, ನಡುಮನೆಯಿಂದಲೇ ದೊಡ್ಡಮ್ಮ, "ಅಡುಗೆಮನೇಲಿ ಹೆಗ್ಗಣ ಸೇರ್ಕೊಂಡಿದೆ, ಯಾರಾದ್ರೂ ಕೋಲು ತನ್ನಿ" ಎಂದು ಕೂಗಿದರು. ಅಪ್ಪ ಕೋಲು ಹಿಡಿದು ಓಡಿ ಬಂದ. ಬಾಯಿ ತುಂಬ ಬಿಸ್ಕತ್ತು ತುಂಬಿಕೊಂಡು ನಿಂತ ಬಸುರಿ ಹೆಂಡತಿಯನ್ನು ನೋಡಿ ನಕ್ಕುಬಿಟ್ಟ. ಆ ನಗುವನ್ನು ಅಮ್ಮ ಇವತ್ತಿಗೂ ಮರೆತಿಲ್ಲ.

ದೊಡ್ಡಮ್ಮನ ಕಡೆಯದನ್ನೂ ಹೇಳಬೇಕು. ಅವರಿಗೆ ಮಕ್ಕಳಾಗಲಿಲ್ಲ. ದೊಡ್ಡಪ್ಪ ಹೆಂಡತಿಗಿಂತ ನ್ಯೂಸ್ ಪೇಪರಿನ ಜೊತೆ ಹೆಚ್ಚು ಸಂಸಾರ ಮಾಡಿದವರು. ಆದರೆ ಕೈರುಚಿ ಎಂದರೆ ದೊಡ್ಡಮ್ಮನದು. ಅದಕ್ಕೆ ಮಾತ್ರ ಮನೆಯ ಗಂಡಸರು ತಲೆ ಬಾಗುತ್ತಿದ್ದರು. ಅಡುಗೆಮನೆ ಬಿಟ್ಟುಕೊಟ್ಟ ಹೆಂಗಸಿಗೆ ನಮ್ಮ ಮನೆಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ನಮ್ಮ ಅಜ್ಜಿಯನ್ನು ಅಲ್ಲಿಂದ ಎಬ್ಬಿಸಿದವರೇ ಅವರು. ಆಮೇಲೆ ಬದುಕಿದಷ್ಟು ಕಾಲವೂ ಅಜ್ಜಿ, ಯಾರಾದರೂ ಕರೆಯುವ ತನಕ ಹಸಿವಾಗಿದೆ ಎಂದು ಬಾಯಿಬಿಡಲಿಲ್ಲ.

ಇಂಥ ದೊಡ್ಡಮ್ಮನ ಕಣ್ಣು ಹೋಗುತ್ತಿತ್ತು. ನೋಟದ ನಡುವೆ ಮಸಿ ಮೆತ್ತಿದ ಹಾಗೆ ಕತ್ತಲು, ಸುತ್ತ ಅಷ್ಟಿಷ್ಟು ಮಬ್ಬು ಬೆಳಕು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಿದ ದಿನವೇ ಒಲೆ ಕೈಬಿಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಮನೆಯ ಹಳೆಯ ಅಡುಗೆ ಕಟ್ಟೆ ಅವರನ್ನು ಕಾಯುತ್ತಿತ್ತು. ಅದು ಕರಿಕಲ್ಲಿನ ಮೂರು ತುಂಡು ಕೂಡಿಸಿ ಹಾಕಿದ ಕಟ್ಟೆ. ತುಂಡುಗಳ ನಡುವೆ ಉಗುರು ಇಳಿಯುವಷ್ಟು ಸಂದು. ಮುಂದಿನ ಅಂಚಿಗೆ, ನೀರು ಕೆಳಗಿಳಿಯದಿರಲಿ ಎಂದು ಕಟ್ಟಿದ ಸಿಮೆಂಟಿನ ಸಣ್ಣ ದಿಂಡು. ಮೊದಲನೆಯ ಸಂದಿನಾಚೆ ಒಲೆ, ಎರಡನೆಯದರಾಚೆ ಸಿಂಕು. ದೊಡ್ಡಮ್ಮ ಎಡಗೈಯ ಬೆರಳನ್ನು ಸಂದಿನಲ್ಲಿಟ್ಟುಕೊಂಡು ಬಲಗೈಯಲ್ಲಿ ಅಡುಗೆ ಮಾಡುತ್ತಿದ್ದರು. ಸದಾ ಬಟ್ಟೆ ಹಿಡಿದು ಕಟ್ಟೆ ಸವರುತ್ತಿದ್ದ ಅವರನ್ನು ನೋಡಿ, ಅತಿ ಚೊಕ್ಕಟದ ಮುದುಕಿ ಎಂದು ನಾವು ನಗುತ್ತಿದ್ದೆವು.

ಸಿಂಕಿನ ಕೆಳಗೆ ನೀರು ಸೋರಿ ಕಪಾಟಿನ ಹಲಗೆ ಉಬ್ಬಿತು, ಜಿರಳೆ ಹಿಡಿಯಿತು. ಅಡುಗೆಮನೆ ಪೂರ್ತಿ ಒಡೆದು ಹೊಸದು ಮಾಡಿಸೋಣ ಎಂದು ಅಪ್ಪ ಹೇಳಿದ. ದೊಡ್ಡಪ್ಪ ಪೇಪರಿನ ಹಿಂದಿನಿಂದ ಹೂಂ ಎಂದರು. ದೊಡ್ಡಮ್ಮ ಊಟ ಬಿಟ್ಟು ನೋಡಿದರು, ತಲೆನೋವೆಂದು ಮಲಗಿ ನೋಡಿದರು. ಯಾರೂ ಜಗ್ಗದಿದ್ದಾಗ ಒಂದು ಷರತ್ತು ಹಾಕಿದರು: "ಕಟ್ಟೆಗೆ ಏನು ಹಾಕಬೇಕು ಅನ್ನೋದನ್ನ ನಾನೇ ಆರಿಸ್ತೀನಿ. ಇನ್ನೊಬ್ಬರು ಬಾಯಿ ಹಾಕಬಾರದು."

ಹಾಗಾಗಿ ದೊಡ್ಡಮ್ಮ, ಅಮ್ಮ, ನಾನು ಕಲ್ಲಿನ ಅಂಗಡಿಗೆ ಹೋದೆವು. ಅಂಗಡಿಯವನ ಮಾತು ಅವನ ಕಲ್ಲಿಗಿಂತ ನುಣುಪಾಗಿತ್ತು. ಮೊದಲು ಬಿಳಿ ಮಾರ್ಬಲ್ ತೋರಿಸಿದ.

"ನಿಂಬೆರಸ ಬಿದ್ರೆ?" ಎಂದರು ದೊಡ್ಡಮ್ಮ.

"ಸ್ವಲ್ಪ ಕಲೆ ಆಗುತ್ತೆ ಅಮ್ಮ. ತಕ್ಷಣ ಒರೆಸಿಬಿಟ್ರೆ ಏನಿಲ್ಲ."

"ನಿಮ್ಮನೇಲಿ ಒರೆಸೋರು ಯಾರು, ನೀವಾ?"

ಅವನು ಪೆಚ್ಚಾಗಿ ನಕ್ಕು ಕ್ವಾರ್ಟ್ಸ್ ಕಲ್ಲಿನ ಕಡೆಗೆ ಕರೆದೊಯ್ದ. ಬಿಸಿ ಪಾತ್ರೆ ನೇರವಾಗಿ ಇಡಬಾರದು, ಕೆಳಗೆ ಏನಾದರೂ ಇಟ್ಟುಕೊಳ್ಳಬೇಕು ಎಂದ.

"ಕಟ್ಟೆ ಇರೋದೇ ಪಾತ್ರೆ ಇಡೋಕೆ. ಅದರ ಮೇಲೆ ಇನ್ನೊಂದು ಇಟ್ಟು ಆಮೇಲೆ ಪಾತ್ರೆ ಇಡೋದಾದ್ರೆ, ನಿಮ್ಮ ಕಲ್ಲನ್ನ ಪೂಜೆಗೆ ಇಟ್ಕೊಳ್ಳಿ."

ಚುಕ್ಕೆ ಚುಕ್ಕೆಯ ಗ್ರಾನೈಟ್ ತೋರಿಸಿದರೆ, ಇರುವೆ ಯಾವುದು ಚುಕ್ಕೆ ಯಾವುದು ಎಂದರು. ಸ್ಟೀಲ್ ತೋರಿಸಿದರೆ, ನಾವು ಅಡುಗೆ ಮಾಡುವವರು, ಆಪರೇಷನ್ ಅಲ್ಲ ಎಂದರು. ಮರ ನೀರು ಕುಡಿಯುತ್ತದೆ ಎಂದರು. ಅಂಗಡಿಯವನ ಮುಖದಲ್ಲಿ ಬೆವರು. ನನಗೆ ಒಳಗೊಳಗೇ ಮಜಾ ಬರುತ್ತಿತ್ತು. ದೊಡ್ಡಮ್ಮ ಬೇರೆಯವರ ಚರ್ಮ ಸುಲಿಯುವುದನ್ನು ದೂರದಲ್ಲಿ ನಿಂತು ನೋಡಿದರೆ ಚೆನ್ನ.

ಕೊನೆಗೆ ಅಂಗಡಿಯ ಹಿಂಭಾಗದಲ್ಲಿ, ಯಾರೂ ಕೇಳದ ಮೂಲೆಯಲ್ಲಿ, ಅಂಗೈಯಗಲದ ಟೈಲ್ಸ್ ಅಂಟಿಸಿದ ಒಂದು ಹಲಗೆ ಇತ್ತು. ದೊಡ್ಡಮ್ಮ ಅದರ ಮೇಲೆ ಕೈಯಿಟ್ಟರು. ಬೆರಳು ಜಾರಿತು, ಸಂದಿನಲ್ಲಿ ನಿಂತಿತು, ಮತ್ತೆ ಜಾರಿತು, ಮತ್ತೆ ನಿಂತಿತು. ಅವರ ಮುಖ ಸಡಿಲವಾಯಿತು. "ಇದೇ ಇರಲಿ" ಎಂದರು.

ಅಮ್ಮ ಆ ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಕೇಳಿದಳು: "ಅಕ್ಕ, ನೀಲಿ ಬಣ್ಣದ್ದು ಬೇಕಾ? ಬೇಗ ಕೊಳೆ ಕಾಣಲ್ವಾ?"

"ನೀಲಿ ಆದ್ರೇನಂತೆ, ತೊಳೆದ್ರಾಯ್ತು" ಎಂದರು ದೊಡ್ಡಮ್ಮ.

ಟೈಲ್ಸ್ ಇಟ್ಟಿಗೆಯ ಕೆಂಪಿನದಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ತೋಳು ಚಿವುಟಿದಳು. ಹೊರಗೆ ಬರುವಾಗ ಮೆಟ್ಟಿಲ ಬಳಿ ದೊಡ್ಡಮ್ಮನ ಮೊಣಕೈ ಹಿಡಿದು ಇಳಿಸಿದಳು. ಅಮ್ಮ ಅವರನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತು ಊಟದ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಅಮ್ಮ ಮಾತು ತೆಗೆದಳು. "ಭಾವ, ಅಕ್ಕ ಅಂಗೈಯಗಲದ ಟೈಲ್ಸ್ ಆರಿಸಿದ್ದಾರೆ. ಖರ್ಚು ಕಡಿಮೆ ಆಗ್ಲಿ ಅಂತ ಪಾಪ. ನಂಗೆ ಮನಸ್ಸು ಒಪ್ತಿಲ್ಲ. ಇಷ್ಟು ವರ್ಷ ಒಡಕು ಕಲ್ಲಿನ ಮೇಲೆ ನಮಗೆಲ್ಲ ಮಾಡಿ ಹಾಕಿದ್ದಾರೆ. ಈಗಲಾದ್ರೂ ಒಂದೇ ಕಲ್ಲು, ಒಂದು ಸಂದೂ ಇಲ್ಲದ್ದು, ಗೋಡೆಯಿಂದ ಗೋಡೆಗೆ ಹಾಕಿಸೋಣ."

ದೊಡ್ಡಪ್ಪ ಪೇಪರ್ ಕೆಳಗಿಟ್ಟರು. ಓರಗಿತ್ತಿಯರಲ್ಲಿ ಇಂಥ ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಅವರಿಗೆ ಅಚ್ಚರಿ, ಜೊತೆಗೆ ಹೆಮ್ಮೆ. "ಸರಿಯಾಗೇ ಹೇಳಿದೆ ಕಣಮ್ಮ. ಹಾಗೇ ಮಾಡ್ಸೋಣ" ಎಂದರು.

"ನಂಗೆ ಟೈಲ್ಸೇ ಸಾಕು" ಎಂದರು ದೊಡ್ಡಮ್ಮ.

"ಸಂದಿನಲ್ಲಿ ಕೊಳೆ ಕೂರುತ್ತೆ ಅಂತ ನಂಗೆ ಹೇಳ್ಕೊಟ್ಟವರೇ ನೀವಲ್ವಾ ಅಕ್ಕ? ಹಳೇ ಹಲ್ಲುಜ್ಜೋ ಬ್ರಷ್ ಕೊಟ್ಟು ಎಷ್ಟು ಸಲ ಉಜ್ಜಿಸಿದ್ದೀರಿ."

ದೊಡ್ಡಮ್ಮನಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಟೈಲ್ಸ್ ಯಾಕೆ ಬೇಕು ಎಂದು ಹೇಳಿದರೆ ಕಣ್ಣಿನ ವಿಷಯ ಹೊರಬೀಳುತ್ತದೆ. ತಟ್ಟೆಯ ಅನ್ನ ಕಲಸಿದರು.

ಮಾರನೆಯ ದಿನ ಅಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಅಲ್ಲಿಗೆ ಬಂದರು. ನಾನು ತಂತಿಗೆ ಬಟ್ಟೆ ಹಾಕುತ್ತಿದ್ದೆ. ನಾನಿದ್ದೇನೆಂದು ಅವರಿಗೆ ತಿಳಿಯಲಿಲ್ಲ.

"ನೋಡೇ, ಟೈಲ್ಸೇ ಹಾಕ್ಸು. ನೀನು ಹೇಳಿದ್ರೆ ಅವರು ಕೇಳ್ತಾರೆ" ಎಂದರು. ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

"ಹಾಕ್ಸೋಣ ಅಕ್ಕ. ಯಾಕೆ ಅಂತ ಹೇಳಿ."

ದೊಡ್ಡಮ್ಮ ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆದರು.

"ಯಾಕೆ ಅಂತ ಒಂದು ಮಾತು ಹೇಳಿ, ಸಾಕು. ಈಗಲೇ ಹೋಗಿ ಭಾವನಿಗೆ ಹೇಳ್ತೀನಿ."

ಅಮ್ಮ ಒಂದು ಬೆಡ್‌ಶೀಟನ್ನು ನಿಧಾನವಾಗಿ, ಹನಿ ನೀರು ಉಳಿಯದ ಹಾಗೆ ಹಿಂಡಿದಳು. ದೊಡ್ಡಮ್ಮ ಬಂದ ಹಾಗೇ ಗೋಡೆ ಹಿಡಿದು ವಾಪಸ್ಸು ಹೋದರು. ಬಾಯಿಬಿಟ್ಟು ಹೇಳಿದ್ದರೆ ಖಂಡಿತ ಟೈಲ್ಸ್ ಹಾಕಿಸುತ್ತಿದ್ದೆ ಎಂದು ಅಮ್ಮ ಆಮೇಲೆ ನನ್ನ ಮುಂದೆ ಆಣೆ ಮಾಡಿದಳು. ನಾನು ನಂಬಲಿಲ್ಲ. ಹಾಗೆಂದು ದೊಡ್ಡಮ್ಮನ ಮೇಲೆ ನನಗೆ ಕರುಣೆ ಉಕ್ಕಿತೆಂದೂ ಅಲ್ಲ. ಹೆಗ್ಗಣದ ಕಥೆ ಕೇಳಿಕೊಂಡು ಬೆಳೆದವಳು ನಾನು.

ಮೇಸ್ತ್ರಿ ಬಂದು ಹಳೆಯ ಕಟ್ಟೆ ಒಡೆದ. ಹೊಸ ಕಲ್ಲನ್ನು ಆಳುಗಳು ಉಸಿರು ಬಿಗಿಹಿಡಿದು ಹೊತ್ತು ತಂದರು. ತಿಳಿ ಬೂದು ಬಣ್ಣ, ಕಿಟಕಿಯ ಬೆಳಕು ಬಿದ್ದರೆ ಕಣ್ಣು ಕುಕ್ಕುವ ಹೊಳಪು, ಅಂಚು ದುಂಡಗೆ ನುಣ್ಣಗೆ, ದಿಂಡು ಗಿಂಡು ಏನೂ ಇಲ್ಲ. ಎಲ್ಲಿ ಕೈಯಿಟ್ಟರೂ ಒಂದೇ. ದೊಡ್ಡಪ್ಪ ತಾವೇ ಹೆಂಡತಿಯ ಕೈ ಹಿಡಿದು ಅದರ ಮೇಲಿಟ್ಟು, "ಹೇಗಿದೆ?" ಎಂದು ಕೇಳಿದರು. ಮದುವೆಯಾದ ಮೇಲೆ ಅವರು ಹೆಂಡತಿಯನ್ನು ಹಾಗೆ ಕೇಳಿದ್ದು ಕಡಿಮೆ. "ಚೆನ್ನಾಗಿದೆ" ಎಂದರು ದೊಡ್ಡಮ್ಮ.

ಆಮೇಲೆ ಶುರುವಾದದ್ದನ್ನು ಯುದ್ಧ ಎನ್ನಬೇಕೋ ಏನೋ. ದೊಡ್ಡಮ್ಮ ಒಲೆ ಶುರುವಾಗುವ ಕಡೆ ಗುರುತಿಗೆಂದು ಒಂದು ಮಡಿಸಿದ ಬಟ್ಟೆ ಇಡುತ್ತಿದ್ದರು. ಅಮ್ಮ, "ಹೊಸ ಕಟ್ಟೆ ಮೇಲೆ ಹಳೇ ಬಟ್ಟೆ ಯಾಕಕ್ಕ" ಎಂದು ಅದನ್ನು ಒಗೆಯಲು ಹಾಕುತ್ತಿದ್ದಳು. ದೊಡ್ಡಮ್ಮ ಹಿಟ್ಟು ಕಲಸಿ ಕಲ್ಲಿನ ಮೇಲೆ ಒಂದು ಬೊಟ್ಟು ಒಣಗಿಸಿಟ್ಟರು. ಅಮ್ಮ ಅದನ್ನು ಉಗುರಿನಿಂದ ಕೆರೆದು, ಕಲ್ಲನ್ನು ಫಳಫಳ ಉಜ್ಜಿ, ಎಲ್ಲರನ್ನೂ ಕರೆದು ತೋರಿಸಿದಳು. ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಅಷ್ಟು ವರ್ಷದಲ್ಲಿ ನಮ್ಮ ಅಡುಗೆಮನೆ ಅಷ್ಟು ಶಾಂತವಾಗಿ ಎಂದೂ ಇರಲಿಲ್ಲ.

ಹೊಸ ಅಡುಗೆಮನೆ ನೋಡಲು ನೆಂಟರು ಬಂದ ದಿನ ದೊಡ್ಡಮ್ಮನೇ ಚಹಾಕ್ಕೆ ನೀರಿಟ್ಟರು. ಕುದಿಯುವ ನೀರಿನ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಇಕ್ಕಳ ಹಿಡಿದು ಇಳಿಸಿ, ಎಂದಿನಂತೆ ಮುಂದಿನ ಅಂಚಿಗೆ ಸರಿಸಿದರು. ದಿಂಡು ತಡೆಯುತ್ತದೆ ಎಂದು ಅವರ ಕೈ ಇನ್ನೂ ನಂಬಿತ್ತು. ಪಾತ್ರೆ ದುಂಡನೆಯ ಅಂಚಿನ ಮೇಲೆ ಜಾರಿ ಅವರ ಪಾದದ ಮೇಲೆ ಬಿತ್ತು. ಬಾಗಿಲಲ್ಲಿ ನಿಂತು ಕಲ್ಲಿನ ಹೊಳಪು ಹೊಗಳುತ್ತಿದ್ದವರು ಓಡಿ ಬಂದರು. ಮೊದಲು ಓಡಿ ಬಂದವಳು ಅಮ್ಮ. ಅವಳು ನಿಜವಾಗಿಯೂ ಹೆದರಿದ್ದಳು, ಅದನ್ನು ನಾನು ಕಂಡಿದ್ದೇನೆ.

ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟುತ್ತ ಡಾಕ್ಟರು, ಅವರ ನೋಟ ಎಲ್ಲೋ ಇದ್ದುದನ್ನು ಗಮನಿಸಿ, ಕೈ ಎತ್ತಿ ಎಷ್ಟು ಬೆರಳು ಎಂದು ಕೇಳಿದರು. ದೊಡ್ಡಮ್ಮ ಅಂದಾಜಿನಲ್ಲಿ ಮೂರು ಎಂದರು. ಡಾಕ್ಟರು ಮುಷ್ಟಿ ಹಿಡಿದಿದ್ದರು. ಕಣ್ಣಿನ ವಿಭಾಗಕ್ಕೆ ಕರೆದೊಯ್ದರೆ ಅಲ್ಲಿಯ ಡಾಕ್ಟರು, ಮೊದಲೇ ಬಂದಿದ್ದರೆ ಇದ್ದಷ್ಟನ್ನು ಉಳಿಸಬಹುದಿತ್ತು, ಈಗ ಏನೂ ಮಾಡುವ ಹಾಗಿಲ್ಲ ಎಂದರು. ದೊಡ್ಡಪ್ಪ ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದರು: "ಇಷ್ಟು ದಿನ ಕುರುಡಿ ಕೈಲಿ ಉಂಡ್ವಲ್ಲ. ಏನೇನು ಬಿದ್ದಿತ್ತೋ ಅದರಲ್ಲಿ." ಹೇಳಿ, ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ಆ ಕೈರುಚಿಯನ್ನು ಮೊನ್ನೆ ಮೊನ್ನೆಯವರೆಗೆ ಚಪ್ಪರಿಸಿದ ಬಾಯಿ ಅದು.

ಒಲೆ ಅಮ್ಮನದಾಯಿತು. ಯಾರೂ ಯಾರಿಗೂ ಒಪ್ಪಿಸಲಿಲ್ಲ, ಮಾರನೆಯ ಬೆಳಿಗ್ಗೆ ಅಮ್ಮ ಹೋಗಿ ಹೊತ್ತಿಸಿದಳು ಅಷ್ಟೆ.

ಕಾಲಿನ ಗಾಯ ಮಾಗುತ್ತ ಬಂದಾಗ ದೊಡ್ಡಮ್ಮ ತಾವೇ ಕೆಲಸ ಕೇಳಿದರು. "ಸುಮ್ನೆ ಕೂತ್ರೆ ಉಂಡಿದ್ದು ಮೈಗೆ ಹತ್ತಲ್ಲ, ಏನಾದ್ರೂ ಕೊಡು" ಎಂದರು. ಅಮ್ಮ ಒಂದು ಬುಟ್ಟಿ ಹಸಿ ಬಟಾಣಿ ತಂದು ಅವರ ಮಡಿಲ ಪಕ್ಕದಲ್ಲಿಟ್ಟಳು. ದೊಡ್ಡಮ್ಮ ಒಂದೊಂದೇ ಕಾಯಿ ಸುಲಿದು, ಕಾಳನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ, ಬಟ್ಟಲಿಗೆ ಹಾಕಿದರು. ಇಡೀ ಬೆಳಿಗ್ಗೆ ಹಿಡಿಯಿತು. ಬಟ್ಟಲು ತುಂಬಿದಾಗ ತೆಗೆದುಕೋ ಎಂದು ಎತ್ತಿ ಹಿಡಿದರು.

ಅಮ್ಮ ಬಟ್ಟಲೊಳಗೆ ಕೈಯಾಡಿಸಿದಳು. ಅಪ್ಪ, ದೊಡ್ಡಪ್ಪ ಇಬ್ಬರೂ ಅಲ್ಲೇ ಕೂತಿದ್ದರು.

"ಅಕ್ಕ, ಇದರಲ್ಲಿ ಹುಳ ಉಳಿದಿದೆ" ಎಂದಳು ಅಮ್ಮ.

ನಾನು ಬಗ್ಗಿ ನೋಡಿದೆ. ಹಸಿರು ಕಾಳು, ಒಂದೊಂದೂ ದುಂಡಗೆ, ಚೊಕ್ಕಟ. ಒಂದು ಹುಳವೂ ಇರಲಿಲ್ಲ.

"ಎಲ್ಲಮ್ಮ ಹುಳ? ಒಂದೂ ಇಲ್ವಲ್ಲ" ಎಂದೆ.

ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ನೀನು ಸುಮ್ನಿರು. ಒಲೆ ಮುಂದೆ ನಿಂತವಳು ಇದೆ ಅಂದ್ರೆ ಇದೆ."

ಬಟ್ಟಲನ್ನು ಅಮ್ಮನ ಕೈಯಿಂದ ತಡವಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಒಂದು ಕಾಳು ಎತ್ತಿ ಬೆರಳ ನಡುವೆ ಉರುಳಿಸಿ ಪಕ್ಕಕ್ಕಿಟ್ಟರು, ಇನ್ನೊಂದು ಎತ್ತಿದರು. ಅಮ್ಮ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಎಲ್ಲರ ಊಟ ಮುಗಿದ ಮೇಲೂ ದೊಡ್ಡಮ್ಮ ಅಲ್ಲೇ ಕೂತು ಹುಳ ಹುಡುಕುತ್ತಿದ್ದರು.